ಫ್ರಾಂಕ್ ಹಾರ್ನ್‌ಬಿ

ಫ್ರಾಂಕ್ ಹಾರ್ನ್‌ಬಿ (15 ಮೇ 1863 – 21 ಸೆಪ್ಟೆಂಬರ್ 1936) ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಆಟಿಕೆ ಆವಿಷ್ಕಾರಕ, ಉದ್ಯಮಿ ಮತ್ತು ರಾಜಕಾರಣಿ. ಸಮಾನ ಅಂತರದಲ್ಲಿ ತೂತುಗಳಿರುವ ಲೋಹದ ಪಟ್ಟಿಗಳು, ಗಾಲಿಗಳು, ಹಲ್ಲುಗಾಲಿಗಳು ಮತ್ತು ನಟ್ಟು ಬೋಲ್ಟುಗಳಿಂದ ಕೂಡಿದ ಮೆಕ್ಯಾನೊ ಎಂಬ ಜೋಡಣೆಯ ಆಟಿಕೆಯನ್ನು ಅವರು ರೂಪಿಸಿದರು. ಒಂದೇ ಪೆಟ್ಟಿಗೆಯ ಬಿಡಿಭಾಗಗಳನ್ನು ಅದಲುಬದಲು ಮಾಡಿ ಸೇತುವೆ, ಕ್ರೇನ್, ಬಂಡಿ ಮುಂತಾದ ಬೇರೆ ಬೇರೆ ಮಾದರಿಗಳನ್ನು ಕಟ್ಟಬಹುದೆಂಬುದು ಈ ಆಟಿಕೆಯ ತಿರುಳು. ಹಾರ್ನ್‌ಬಿ ರೈಲುಗಳು ಮತ್ತು ಡಿಂಕಿ ಟಾಯ್ಸ್ ಎಂಬ ಪುಟ್ಟ ಅಚ್ಚುವಾಹನಗಳೂ ಅವರ ಕಂಪನಿಯಿಂದಲೇ ಹೊರಬಂದವು. ಎಂಜಿನಿಯರಿಂಗ್‌ನಲ್ಲಿ ಯಾವ ವಿಧಿವತ್ತಾದ ಶಿಕ್ಷಣವನ್ನೂ ಪಡೆಯದ ಹಾರ್ನ್‌ಬಿಯವರು ತಮ್ಮ ನಲವತ್ತರ ಹರೆಯದವರೆಗೆ ಗುಮಾಸ್ತರಾಗಿ ದುಡಿದವರು. 1931ರಿಂದ 1935ರವರೆಗೆ ಅವರು ಬ್ರಿಟಿಷ್ ಸಂಸತ್ತಿನ ಸದಸ್ಯರಾಗಿದ್ದರು.

ಆರಂಭಿಕ ಜೀವನ

ಹಾರ್ನ್‌ಬಿಯವರು ಲಿವರ್‌ಪೂಲಿನ ಕಾಪರಾಸ್ ಹಿಲ್ ಬೀದಿಯ 77ನೇ ಸಂಖ್ಯೆಯ ಮನೆಯಲ್ಲಿ ಜನಿಸಿದರು. ತಂದೆ ಜಾನ್ ಆಸ್ವಾಲ್ಡ್ ಹಾರ್ನ್‌ಬಿ ದಿನಸಿ ಸಾಮಗ್ರಿಗಳ ವ್ಯಾಪಾರಿ, ತಾಯಿ ಮಾರ್ಥಾ. ಆ ಕಾಲದ ಲಿವರ್‌ಪೂಲ್ ಬ್ರಿಟನ್ನಿನ ಅತಿ ದೊಡ್ಡ ಬಂದರುಗಳಲ್ಲಿ ಒಂದು. ಹಡಗುಕಟ್ಟೆಗಳ ಕ್ರೇನುಗಳು, ಗೋದಾಮುಗಳು ಮತ್ತು ಉಗಿಬಂಡಿಗಳು ಅಲ್ಲಿನ ಮಕ್ಕಳ ಕಣ್ಣಿಗೆ ದಿನವೂ ಬೀಳುತ್ತಿದ್ದ ನೋಟಗಳಾಗಿದ್ದವು. ಶಾಲೆಯ ಓದಿನಲ್ಲಿ ಹಾರ್ನ್‌ಬಿಯವರಿಗೆ ಹೆಚ್ಚಿನ ಆಸಕ್ತಿ ಇರಲಿಲ್ಲ. ಹದಿನಾರನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟು ತಂದೆಯ ಅಂಗಡಿಯಲ್ಲಿ ನಗದು ಗುಮಾಸ್ತರಾಗಿ ಸೇರಿಕೊಂಡರು.

ಬಾಲ್ಯದಲ್ಲಿ ಅವರ ಮೇಲೆ ಗಾಢವಾದ ಪ್ರಭಾವ ಬೀರಿದ್ದು ಸ್ಯಾಮ್ಯುಯೆಲ್ ಸ್ಮೈಲ್ಸ್ ಬರೆದ ಸ್ವಸಹಾಯದ ಕುರಿತ ಪ್ರಸಿದ್ಧ ಪುಸ್ತಕ. ಬಡತನ ಮತ್ತು ಸೋಲುಗಳ ನಡುವೆ ಪಟ್ಟುಬಿಡದೆ ದುಡಿದ ಆವಿಷ್ಕಾರಕರ ಕಥೆಗಳು ಅದರಲ್ಲಿದ್ದವು. ಹದಿನಾರನೆಯ ಶತಮಾನದ ಫ್ರೆಂಚ್ ಕುಂಬಾರ ಬರ್ನಾರ್ಡ್ ಪಾಲಿಸಿಯ ಕಥೆ ಹಾರ್ನ್‌ಬಿಯವರಿಗೆ ವಿಶೇಷವಾಗಿ ಹಿಡಿಸಿತ್ತು. ಅದರ ಪ್ರೇರಣೆಯಿಂದ ಅವರು ನಿರಂತರ ಚಲನೆಯ ಯಂತ್ರವೊಂದನ್ನು ಮಾಡಲು ಯತ್ನಿಸಿ ವಿಫಲರಾದರು. ಭೌತಶಾಸ್ತ್ರದ ನಿಯಮಗಳೇ ಅಂತಹ ಯಂತ್ರಕ್ಕೆ ಅವಕಾಶ ನೀಡವು ಎಂಬುದು ಬೇರೆ ಮಾತು. ಆದರೆ ಕೈಯಿಂದ ಏನನ್ನಾದರೂ ಕಟ್ಟುವ ಗೀಳು ಅವರನ್ನು ಬಿಡಲಿಲ್ಲ. ಮನೆಯಲ್ಲೇ ಸಣ್ಣದೊಂದು ಕಾರ್ಯಾಗಾರ ಇಟ್ಟುಕೊಂಡಿದ್ದರು.

1887ರ ಜನವರಿ 15ರಂದು ಹಾರ್ನ್‌ಬಿಯವರು ಸುಂಕದ ಅಧಿಕಾರಿಯೊಬ್ಬರ ಮಗಳಾದ, ಶಾಲಾ ಶಿಕ್ಷಕಿ ಕ್ಲಾರಾ ವಾಕರ್ ಗಾಡ್‌ಫ್ರಾಯ್ ಅವರನ್ನು ವಿವಾಹವಾದರು. ದಂಪತಿಗೆ ರೋಲಂಡ್ ಮತ್ತು ಡಗ್ಲಾಸ್ ಎಂಬ ಇಬ್ಬರು ಗಂಡುಮಕ್ಕಳು, ಪ್ಯಾಟ್ರೀಷಿಯಾ ಎಂಬ ಮಗಳು. 1899ರಲ್ಲಿ ತಂದೆ ತೀರಿಕೊಂಡ ಮೇಲೆ ಮನೆಯ ವ್ಯಾಪಾರ ಮುಚ್ಚಿಹೋಯಿತು. ಹಾರ್ನ್‌ಬಿಯವರು ಡೇವಿಡ್ ಹ್ಯೂ ಎಲಿಯಟ್ ಎಂಬ ಮಾಂಸ ಆಮದು ವ್ಯಾಪಾರಿಯ ಬಳಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು. ಮುಂದಿನ ಬೆಳವಣಿಗೆಗಳಲ್ಲಿ ಈ ಎಲಿಯಟ್ ವಹಿಸಿದ ಪಾತ್ರ ದೊಡ್ಡದು. ಆದರೂ ಮೆಕ್ಯಾನೊ ಇತಿಹಾಸದ ಜನಪ್ರಿಯ ನಿರೂಪಣೆಗಳಲ್ಲಿ ಅವರ ಹೆಸರು ಬರುವುದು ಅಪರೂಪ.

ಅದಲುಬದಲಾಗುವ ಭಾಗಗಳ ಕಲ್ಪನೆ

ರಜೆಯ ಸಮಯದಲ್ಲಿ ಹಾರ್ನ್‌ಬಿಯವರು ತಮ್ಮ ಇಬ್ಬರು ಗಂಡುಮಕ್ಕಳಿಗಾಗಿ ಲೋಹದ ತಗಡನ್ನು ಕತ್ತರಿಸಿ ಸೇತುವೆ, ಲಾರಿ, ಕ್ರೇನ್‌ಗಳ ಮಾದರಿಗಳನ್ನು ಮಾಡಿಕೊಡುತ್ತಿದ್ದರು. ಪ್ರತಿ ಮಾದರಿಗೂ ಬೇರೆಯದೇ ಭಾಗಗಳನ್ನು ಕತ್ತರಿಸಬೇಕಾಗಿತ್ತು. ಆಟ ಮುಗಿದ ಮೇಲೆ ಆ ಭಾಗಗಳು ಇನ್ನೊಂದಕ್ಕೆ ಒದಗುತ್ತಿರಲಿಲ್ಲ. ಒಂದು ರೈಲು ಪ್ರಯಾಣದಲ್ಲಿ ಕಿಟಕಿಯ ಹೊರಗೆ ಕಂಡ ಸಣ್ಣ ಕ್ರೇನೊಂದು ತಮ್ಮ ಯೋಚನೆಗೆ ತಿರುವು ಕೊಟ್ಟಿತೆಂದು ಹಾರ್ನ್‌ಬಿಯವರು ಮುಂದೆ ತಮ್ಮ ಪತ್ರಿಕೆಯಲ್ಲಿ ಬರೆದುಕೊಂಡಿದ್ದಾರೆ. ಮಾದರಿಯ ಪ್ರತಿಯೊಂದು ಭಾಗವೂ ಸ್ವತಂತ್ರವಾಗಿದ್ದು, ಎಲ್ಲ ಭಾಗಗಳಲ್ಲೂ ಒಂದೇ ಅಳತೆಯ ತೂತುಗಳಿದ್ದರೆ, ಒಂದು ಕ್ರೇನನ್ನು ಬಿಚ್ಚಿ ಅದೇ ಸಾಮಗ್ರಿಯಿಂದ ಸೇತುವೆಯನ್ನೋ ಬಂಡಿಯನ್ನೋ ಕಟ್ಟಬಹುದು ಎಂದು ಅವರಿಗೆ ಹೊಳೆಯಿತು.

ಇಂತಹ ಹೊಳಹಿನ ಕಥೆಗಳನ್ನು ಸ್ವಲ್ಪ ಎಚ್ಚರದಿಂದಲೇ ಓದಬೇಕಾಗುತ್ತದೆ. ಅಮೆರಿಕದ ಎ. ಸಿ. ಗಿಲ್ಬರ್ಟ್ ಅವರ ಇರೆಕ್ಟರ್ ಎಂಬ ಪ್ರತಿಸ್ಪರ್ಧಿ ಆಟಿಕೆಯ ಹುಟ್ಟಿನ ಕಥೆಯೂ ರೈಲಿನ ಕಿಟಕಿಯಿಂದ ಕಂಡ ಉಕ್ಕಿನ ತೊಲೆಗಳಿಂದಲೇ ಆರಂಭವಾಗುತ್ತದೆ. ಹಾರ್ನ್‌ಬಿಯವರ ವಿಷಯದಲ್ಲಿ ನಿಶ್ಚಿತವಾದುದು ಮನೆಯ ಕಾರ್ಯಾಗಾರದಲ್ಲಿ ನಡೆದ ಶ್ರಮ. ದೊಡ್ಡ ತಾಮ್ರದ ತಗಡುಗಳಿಂದ ಅರ್ಧ ಅಂಗುಲ ಅಗಲದ ಪಟ್ಟಿಗಳನ್ನು ಕತ್ತರಿಸಿ, ಅರ್ಧ ಅಂಗುಲಕ್ಕೊಂದರಂತೆ ಅವರು ತೂತು ಕೊರೆದರು. ಸೂಕ್ತವಾದ ಸಣ್ಣ ನಟ್ಟು ಬೋಲ್ಟುಗಳು ಮೊದಲು ಎಲ್ಲೂ ಸಿಗದಿದ್ದಾಗ ಅವನ್ನೂ ಕೈಯಿಂದಲೇ ಮಾಡಿಕೊಂಡರು. 1900ರ ಕೊನೆಯ ಹೊತ್ತಿಗೆ ಮಾರುಕಟ್ಟೆಗೆ ಬಿಡಬಹುದೆನಿಸಿದ ಒಂದು ಸೆಟ್ಟು ಸಿದ್ಧವಾಗಿತ್ತು.

ಪೇಟೆಂಟ್ ಮತ್ತು ಮೊದಲ ವರ್ಷಗಳು

ಪೇಟೆಂಟ್ ಅರ್ಜಿಯ ವೆಚ್ಚವನ್ನು ಭರಿಸುವಷ್ಟು ಹಣ ಹಾರ್ನ್‌ಬಿಯವರ ಬಳಿ ಇರಲಿಲ್ಲ. ಮಾಲೀಕ ಎಲಿಯಟ್ ಅವರಿಂದ 5 ಪೌಂಡ್ ಸಾಲ ಪಡೆದು, 1901ರ ಜನವರಿಯಲ್ಲಿ ಮಕ್ಕಳಿಗೂ ಯುವಕರಿಗೂ ಉದ್ದೇಶಿಸಿದ ಶೈಕ್ಷಣಿಕ ಆಟಿಕೆಯ ಸುಧಾರಣೆ ಎಂಬ ವಿವರಣೆಯೊಂದಿಗೆ ಅರ್ಜಿ ಸಲ್ಲಿಸಿದರು. ಅದೇ ವರ್ಷ ಪೇಟೆಂಟ್ ದೊರೆಯಿತು. ಆದರೆ ತಯಾರಕರು ಒಲವು ತೋರಲಿಲ್ಲ. ಕೈಯಿಂದ ಮಾಡಿದ ಮಾದರಿಗಳು ಒರಟಾಗಿ ಕಾಣುತ್ತಿದ್ದವು. ಹಗಲು ಪೂರ್ತಿ ಲೆಕ್ಕದ ಪುಸ್ತಕಗಳ ಮುಂದೆ ಕೂರಬೇಕಾದ ಮನುಷ್ಯನಿಗೆ ಕಂಪನಿಗಳ ಬಾಗಿಲು ತಟ್ಟಲು ಸಮಯವೂ ಇರಲಿಲ್ಲ.

ಈ ಘಟ್ಟದಲ್ಲಿ ಎಲಿಯಟ್ ಮತ್ತೊಮ್ಮೆ ನೆರವಿಗೆ ಬಂದರು. ತಮ್ಮ ಕಚೇರಿಯ ಪಕ್ಕದಲ್ಲಿ ಖಾಲಿಯಿದ್ದ ಕೊಠಡಿಯನ್ನು ಬಿಟ್ಟುಕೊಟ್ಟು, ಬಂಡವಾಳವನ್ನೂ ಹಾಕಿ, ತಮ್ಮ ಗುಮಾಸ್ತನ ಪಾಲುದಾರರಾದರು. ಆಟಿಕೆಗೆ ಯಂತ್ರಶಾಸ್ತ್ರವನ್ನು ಸುಲಭವಾಗಿಸುವುದು ಎಂಬ ಅರ್ಥದ ಮೆಕ್ಯಾನಿಕ್ಸ್ ಮೇಡ್ ಈಸಿ ಎಂಬ ಹೆಸರು ಬಂದಿತು. ಲಿವರ್‌ಪೂಲ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಾಗಿದ್ದ ಪ್ರೊಫೆಸರ್ ಹೆನ್ರಿ ಸೆಲ್ಬಿ ಹೆಲೆ-ಶಾ ಅವರು ಈ ಆಟಿಕೆಯನ್ನು ಪರಿಶೀಲಿಸಿ ಪ್ರಶಂಸೆಯ ಪತ್ರ ನೀಡಿದರು. ವಿಶ್ವವಿದ್ಯಾಲಯದ ಈ ಮುದ್ರೆ ಬಿದ್ದ ಮೇಲೆ ಹೊರಗಿನ ತಯಾರಕರಿಂದ ಬಿಡಿಭಾಗಗಳನ್ನು ಮಾಡಿಸುವ ಒಪ್ಪಂದಗಳು ಸಾಧ್ಯವಾದವು.

1902ರಲ್ಲಿ ಮಾರಾಟಕ್ಕೆ ಬಂದ ಮೊದಲ ಸೆಟ್ಟಿನಲ್ಲಿ 16 ಬಗೆಯ ಭಾಗಗಳು ಮತ್ತು 12 ಮಾದರಿಗಳನ್ನು ಕಟ್ಟುವ ವಿವರವಿದ್ದ ಒಂದು ಹಾಳೆ ಇದ್ದವು. 1903ರಲ್ಲಿ 1,500 ಸೆಟ್ಟುಗಳು ಮಾರಾಟವಾದರೂ ಲಾಭ ಬರಲಿಲ್ಲ. 1904ರ ಹೊತ್ತಿಗೆ ತಗಡಿನ ಪೆಟ್ಟಿಗೆಯಲ್ಲಿ, ಇಂಗ್ಲಿಷ್ ಮತ್ತು ಫ್ರೆಂಚ್ ಕೈಪಿಡಿಗಳೊಂದಿಗೆ ಆರು ಬಗೆಯ ಸೆಟ್ಟುಗಳು ಸಿಗತೊಡಗಿದವು. ಪೇಟೆಂಟ್ ಪಡೆದು ಐದು ವರ್ಷ ಕಳೆದ ಬಳಿಕ, 1906ರಲ್ಲಿ ಮೊದಲ ಬಾರಿಗೆ ಅಲ್ಪ ಲಾಭ ಕಾಣಿಸಿತು. ಅಲ್ಲಿಯವರೆಗೂ ಹಾರ್ನ್‌ಬಿಯವರ ಸಂಸಾರ ನಡೆದದ್ದು ಗುಮಾಸ್ತಗಿರಿಯ ಸಂಬಳದಿಂದ.

ಜೋಡಣೆಯ ವ್ಯವಸ್ಥೆ

ಮೆಕ್ಯಾನೊದ ಹೆಚ್ಚುಗಾರಿಕೆ ಇರುವುದು ಅದರ ಅಳತೆಯ ಶಿಸ್ತಿನಲ್ಲಿ. ಎಲ್ಲ ಪಟ್ಟಿ, ಫಲಕ, ತೊಲೆಗಳ ತೂತುಗಳ ನಡುವಿನ ಅಂತರ ಅರ್ಧ ಅಂಗುಲ, ಅಂದರೆ 12.7 ಮಿಲಿಮೀಟರ್. ಬೋಲ್ಟಿನ ದಪ್ಪವೂ ಇರುಸಿನ ದಪ್ಪವೂ ಹೆಚ್ಚುಕಡಿಮೆ ಒಂದೇ ಆದುದರಿಂದ, ಬೋಲ್ಟು ಕೂರುವ ಯಾವ ತೂತಿನಲ್ಲಾದರೂ ಇರುಸು ತಿರುಗಬಲ್ಲದು. ಹೀಗಾಗಿ ಪಟ್ಟಿಯೊಂದು ಅಗತ್ಯಕ್ಕೆ ತಕ್ಕಂತೆ ಗೋಡೆಯೂ ಆಗಬಹುದು, ಗಾಲಿಯನ್ನು ಹೊರುವ ಚೌಕಟ್ಟೂ ಆಗಬಹುದು, ಸನ್ನೆಕೋಲೂ ಆಗಬಹುದು. ಹಿತ್ತಾಳೆಯ ಹಲ್ಲುಗಾಲಿಗಳ ಅಳತೆಯನ್ನು ಸಹ ಈ ಅಂತರಕ್ಕೆ ಹೊಂದುವಂತೆ ನಿಗದಿಪಡಿಸಲಾಗಿತ್ತು. ಅಕ್ಕಪಕ್ಕದ ಅಥವಾ ನಡುವೆ ಒಂದೆರಡು ಬಿಟ್ಟ ತೂತುಗಳಲ್ಲಿ ಇರುಸುಗಳನ್ನಿಟ್ಟರೆ ಸರಿಯಾದ ಜೋಡಿ ಗಾಲಿಗಳ ಹಲ್ಲುಗಳು ತಾವಾಗಿಯೇ ಕೂಡಿಕೊಳ್ಳುತ್ತಿದ್ದವು. ಗಾಲಿ ಮತ್ತು ರಾಟೆಗಳನ್ನು ಇರುಸಿಗೆ ಬಿಗಿಯಲು ಸಣ್ಣ ತಿರುಪುಮೊಳೆ ಇರುತ್ತಿತ್ತು. ಜೋಡಣೆಗೆ ಬೇಕಾದ ಉಪಕರಣಗಳು ಒಂದು ಸ್ಪ್ಯಾನರ್ ಮತ್ತು ಒಂದು ಸ್ಕ್ರೂಡ್ರೈವರ್ ಮಾತ್ರ.

ಆರಂಭದ ತವರ ಲೇಪಿತ ತೆಳು ಪಟ್ಟಿಗಳು ಸುಲಭವಾಗಿ ಬಾಗುತ್ತಿದ್ದವು, ತುದಿಗಳು ಚೌಕಾಗಿದ್ದು ಕೈಗೆ ತರಚುತ್ತಿದ್ದವು. ಕಂಪನಿ ತಾನೇ ತಯಾರಿಕೆಗೆ ಇಳಿದ ಮೇಲೆ ದಪ್ಪ ಉಕ್ಕಿನ, ದುಂಡು ತುದಿಯ, ನಿಕ್ಕಲ್ ಲೇಪಿತ ಪಟ್ಟಿಗಳು ಬಂದವು. 1926ರಲ್ಲಿ ಕೆಂಪು ಮತ್ತು ಹಸಿರು ಬಣ್ಣದ ಭಾಗಗಳು, 1934ರಲ್ಲಿ ನೀಲಿ ಮತ್ತು ಚಿನ್ನದ ಬಣ್ಣದವು ಬಳಕೆಗೆ ಬಂದವು. ಹಳೆಯ ಸೆಟ್ಟುಗಳ ಕಾಲವನ್ನು ಸಂಗ್ರಾಹಕರು ಇಂದು ಮೊದಲಿಗೆ ಗುರುತಿಸುವುದು ಈ ಬಣ್ಣಗಳಿಂದಲೇ.

ಮಾರಾಟದ ಕ್ರಮವೂ ಜೋಡಣೆಯ ತತ್ತ್ವವನ್ನೇ ಅನುಸರಿಸಿತು. ಸೆಟ್ಟುಗಳಿಗೆ ಏರುಕ್ರಮದ ಸಂಖ್ಯೆಗಳಿದ್ದವು. ಎರಡು ಸೆಟ್ಟುಗಳ ನಡುವಿನ ವ್ಯತ್ಯಾಸದಷ್ಟೇ ಭಾಗಗಳಿರುವ ಪೂರಕ ಪೆಟ್ಟಿಗೆಗಳೂ ದೊರೆಯುತ್ತಿದ್ದವು. 1ನೇ ಸಂಖ್ಯೆಯ ಸೆಟ್ಟು ಇದ್ದ ಮಗುವಿಗೆ ಹುಟ್ಟುಹಬ್ಬಕ್ಕೆ ಪೂರಕ ಪೆಟ್ಟಿಗೆ ಸಿಕ್ಕರೆ ಅದು 2ನೇ ಸಂಖ್ಯೆಯ ಸೆಟ್ಟಾಗಿ ಬೆಳೆಯುತ್ತಿತ್ತು. ಕಳೆದುಹೋದ ಬೋಲ್ಟು, ಹೆಚ್ಚುವರಿ ಗಾಲಿ ಯಾವುದನ್ನಾದರೂ ಬಿಡಿಯಾಗಿ ಕೊಳ್ಳಬಹುದಿತ್ತು. ಹಳೆಯದು ಯಾವುದೂ ವ್ಯರ್ಥವಾಗದ ಈ ಏರ್ಪಾಡು ಪೋಷಕರಿಗೆ ಮಿತವ್ಯಯವೆಂದು ತೋರಿತು. ಮುಂದಿನ ಪೆಟ್ಟಿಗೆಯ ಆಸೆಯನ್ನು ಮಕ್ಕಳಲ್ಲಿ ಸದಾ ಜೀವಂತವಾಗಿ ಇಟ್ಟದ್ದೂ ಇದೇ ಏರ್ಪಾಡು.

ಮೆಕ್ಯಾನೊ ಕಂಪನಿ

1907ರ ವೇಳೆಗೆ ಹೊರಗಿನ ತಯಾರಕರು ಬೇಡಿಕೆಯನ್ನು ಪೂರೈಸಲಾರದೆ ಹೋದರು. ಹಾರ್ನ್‌ಬಿಯವರು ಎಲಿಯಟ್ ಅವರ ಬಳಿಯ ನೌಕರಿಯನ್ನು ಬಿಟ್ಟು, ಡ್ಯೂಕ್ ಸ್ಟ್ರೀಟಿನಲ್ಲಿ ಮೂರು ವರ್ಷದ ಗುತ್ತಿಗೆಗೆ ಕಟ್ಟಡ ಹಿಡಿದು, ಸಾಲ ಪಡೆದು, ಜೂನ್ ತಿಂಗಳಲ್ಲಿ ಸ್ವಂತ ತಯಾರಿಕೆ ಆರಂಭಿಸಿದರು. ಆಗ ಅವರ ವಯಸ್ಸು 44. ಸೆಪ್ಟೆಂಬರ್‌ನಲ್ಲಿ ಮೆಕ್ಯಾನೊ ಎಂಬ ಹೆಸರನ್ನು ವ್ಯಾಪಾರ ಮುದ್ರೆಯಾಗಿ ನೋಂದಾಯಿಸಲಾಯಿತು. ಯಾವ ಭಾಷೆಯವರಾದರೂ ಸುಲಭವಾಗಿ ಉಚ್ಚರಿಸಬಹುದಾದ ಈ ಚಿಕ್ಕ ಪದ ವಿದೇಶಿ ಮಾರುಕಟ್ಟೆಯಲ್ಲಿ ಬಹಳ ಉಪಯೋಗಕ್ಕೆ ಬಂದಿತು.

1908ರ ಮೇ 30ರಂದು ಮೆಕ್ಯಾನೊ ಲಿಮಿಟೆಡ್ ಸ್ಥಾಪನೆಯಾಯಿತು. ಎಲಿಯಟ್ ಹೊಸ ಕಂಪನಿಯಲ್ಲಿ ಸೇರದಿರಲು ನಿರ್ಧರಿಸಿದರು. 5 ಪೌಂಡ್ ಸಾಲದಿಂದ ಹಿಡಿದು ಕಷ್ಟದ ವರ್ಷಗಳುದ್ದಕ್ಕೂ ಜೊತೆಗಿದ್ದ ಪಾಲುದಾರರು ಉದ್ಯಮ ಚಿಗುರುವ ಹೊತ್ತಿನಲ್ಲಿ ದೂರ ಸರಿದಂತಾಯಿತು, ಒಡೆತನ ಹಾರ್ನ್‌ಬಿಯವರೊಬ್ಬರಿಗೇ ಉಳಿಯಿತು. ಕಾರ್ಖಾನೆ ಡ್ಯೂಕ್ ಸ್ಟ್ರೀಟಿನಿಂದ ವೆಸ್ಟ್ ಡರ್ಬಿ ರಸ್ತೆಗೆ, ಅಲ್ಲಿಂದ 1914ರಲ್ಲಿ ಬಿನ್ಸ್ ರಸ್ತೆಯ ದೊಡ್ಡ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. ಮುಂದಿನ ಅರವತ್ತಕ್ಕೂ ಹೆಚ್ಚು ವರ್ಷ ಬಿನ್ಸ್ ರಸ್ತೆಯೇ ಕಂಪನಿಯ ಕೇಂದ್ರವಾಗಿತ್ತು. 1912ರಲ್ಲಿ ಮಗ ರೋಲಂಡ್ ಜೊತೆಗೂಡಿ ಪ್ಯಾರಿಸ್‌ನಲ್ಲಿ ಫ್ರೆಂಚ್ ಶಾಖೆಯನ್ನು ತೆರೆದರು. ಬರ್ಲಿನ್‌ನಲ್ಲೂ ಕಚೇರಿ ಆರಂಭವಾಯಿತು. ಜರ್ಮನಿಯ ಪ್ರಸಿದ್ಧ ಆಟಿಕೆ ಕಂಪನಿ ಮಾರ್ಕ್ಲಿನ್ ಪರವಾನಗಿ ಪಡೆದು ಮೆಕ್ಯಾನೊವನ್ನು ತಯಾರಿಸಿತು, ಹಾರ್ನ್‌ಬಿಯವರು ಅದೇ ಕಂಪನಿಯಿಂದ ಕೀಲಿ ಕೊಟ್ಟು ಓಡಿಸುವ ಮೋಟಾರುಗಳನ್ನು ತರಿಸಿಕೊಂಡರು. 1914ರ ಮಹಾಯುದ್ಧ ಈ ಕೊಡುಕೊಳ್ಳುವಿಕೆಯನ್ನು ಕಡಿದುಹಾಕಿತು.

ಪತ್ರಿಕೆ ಮತ್ತು ಬಾಲಕರ ಸಂಘ

1916ರಲ್ಲಿ ಆರಂಭವಾದ ಮೆಕ್ಯಾನೊ ಮ್ಯಾಗಜಿನ್ ಮೊದಲಿಗೆ ಕಂಪನಿಯ ಪ್ರಚಾರದ ಕೆಲವು ಪುಟಗಳಷ್ಟೇ ಆಗಿತ್ತು. ಬರಬರುತ್ತ ಅದು ರೈಲು, ಹಡಗು, ವಿಮಾನ, ಅಣೆಕಟ್ಟು, ವಿದ್ಯುತ್ತು ಇವನ್ನೆಲ್ಲ ಮಕ್ಕಳಿಗೆ ವಿವರಿಸುವ ಜನಪ್ರಿಯ ವಿಜ್ಞಾನ ಮಾಸಪತ್ರಿಕೆಯಾಗಿ ಬೆಳೆಯಿತು. ಓದುಗರು ತಾವೇ ರೂಪಿಸಿದ ಮಾದರಿಗಳನ್ನು ಕಳುಹಿಸುವ ಸ್ಪರ್ಧೆಗಳನ್ನು ಕಂಪನಿ ನಡೆಸುತ್ತಿತ್ತು. ಊರೂರುಗಳಲ್ಲಿ ಸ್ಥಾಪನೆಯಾದ ಮೆಕ್ಯಾನೊ ಕ್ಲಬ್ಬುಗಳನ್ನು ಮೆಕ್ಯಾನೊ ಗಿಲ್ಡ್ ಎಂಬ ಸಂಘ ಒಂದುಗೂಡಿಸಿತು. ಹಾರ್ನ್‌ಬಿಯವರೇ ಅದರ ಅಧ್ಯಕ್ಷರಾಗಿದ್ದರು.

ಈ ಲೋಕ ಪೂರ್ತಿಯಾಗಿ ಹುಡುಗರದು. ಪೆಟ್ಟಿಗೆಯ ಮುಚ್ಚಳದ ಚಿತ್ರಗಳಲ್ಲಿ, ಜಾಹೀರಾತುಗಳಲ್ಲಿ ಕಾಣುವವರು ಹುಡುಗರು ಮತ್ತು ಅವರ ತಂದೆಯರು. ಹುಡುಗಿಯರೂ ಮೆಕ್ಯಾನೊ ಜೋಡಿಸುತ್ತಿದ್ದರಾದರೂ ಕಂಪನಿ ಅವರನ್ನು ಗ್ರಾಹಕರೆಂದು ಪರಿಗಣಿಸಲಿಲ್ಲ. ಎಂಜಿನಿಯರಿಂಗ್ ಗಂಡಸರ ವೃತ್ತಿ ಎಂಬ ಆ ಕಾಲದ ನಂಬಿಕೆಯನ್ನು ಈ ಆಟಿಕೆ ಗಟ್ಟಿಗೊಳಿಸಿತು ಎಂಬ ಟೀಕೆಯಲ್ಲಿ ಹುರುಳಿದೆ.

ಸ್ಪರ್ಧೆ ಮತ್ತು ವ್ಯಾಜ್ಯಗಳು

ತೂತುಗಳಿರುವ ಪಟ್ಟಿಯನ್ನು ನಕಲು ಮಾಡುವುದು ಕಷ್ಟದ ಕೆಲಸವಲ್ಲ. ಮೆಕ್ಯಾನೊ ಯಶಸ್ವಿಯಾದ ಕೂಡಲೇ ಯುರೋಪ್ ಮತ್ತು ಅಮೆರಿಕದಲ್ಲಿ ಅದೇ ಬಗೆಯ ಆಟಿಕೆಗಳು ಕಾಣಿಸಿಕೊಂಡವು. ಹಾರ್ನ್‌ಬಿಯವರು ನ್ಯಾಯಾಲಯದ ಮೆಟ್ಟಿಲೇರಲು ಹಿಂಜರಿಯಲಿಲ್ಲ. ಅಮೆರಿಕದ ಓಹಾಯೊ ರಾಜ್ಯದಲ್ಲಿ ಅಮೆರಿಕನ್ ಮಾಡೆಲ್ ಬಿಲ್ಡರ್ ಎಂಬ ಆಟಿಕೆಯ ತಯಾರಕರ ವಿರುದ್ಧ ಹೂಡಿದ ದಾವೆ ಇವುಗಳಲ್ಲಿ ಹೆಸರಾದದ್ದು. ಭಾಗಗಳ ವಿನ್ಯಾಸವನ್ನಷ್ಟೇ ಅಲ್ಲ, ಕೈಪಿಡಿಯ ಚಿತ್ರಗಳನ್ನೂ ನಕಲು ಮಾಡಲಾಗಿದೆ ಎಂಬುದು ಮೆಕ್ಯಾನೊ ಕಂಪನಿಯ ದೂರು. 1916ರಲ್ಲಿ ಜಿಲ್ಲಾ ನ್ಯಾಯಾಲಯ ಮೆಕ್ಯಾನೊ ಪರವಾಗಿ ತೀರ್ಪಿತ್ತಿತು. ಆ ಆಟಿಕೆಯನ್ನು ಮಾರುತ್ತಿದ್ದ ಜಾನ್ ವಾನಮೇಕರ್ ಮಳಿಗೆಯ ವಿರುದ್ಧದ ಸಂಬಂಧಿತ ಪ್ರಕರಣ 1920ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಹೆಚ್ಚು ಗಂಭೀರವಾದ ಸ್ಪರ್ಧೆ ಬಂದದ್ದು 1913ರಲ್ಲಿ ಮಾರುಕಟ್ಟೆಗಿಳಿದ ಗಿಲ್ಬರ್ಟ್ ಅವರ ಇರೆಕ್ಟರ್‌ನಿಂದ. ಅದರ ತೊಲೆಗಳ ಅಂಚುಗಳು ಮಡಿಚಿಕೊಂಡಿದ್ದು, ನಾಲ್ಕು ಕೂಡಿದರೆ ನಿಜವಾದ ಉಕ್ಕಿನ ಕಂಬದಂತೆ ಕಾಣುತ್ತಿದ್ದವು. ಜೊತೆಗೆ ವಿದ್ಯುತ್ ಮೋಟಾರು ಸಹ ಇತ್ತು. ಅಮೆರಿಕದಲ್ಲಿಯೇ ತಯಾರಿಸಿ ಇದನ್ನು ಎದುರಿಸಲು ಹಾರ್ನ್‌ಬಿಯವರು ನ್ಯೂಜೆರ್ಸಿಯ ಎಲಿಜಬೆತ್ ಪಟ್ಟಣದಲ್ಲಿ ಕಾರ್ಖಾನೆ ತೆರೆದರು. ಆ ಯತ್ನ ನೆಲೆಗೊಳ್ಳಲಿಲ್ಲ. 1920ರ ದಶಕದ ಕೊನೆಯಲ್ಲಿ ಅಮೆರಿಕದ ಮೆಕ್ಯಾನೊ ವ್ಯವಹಾರ ಪ್ರತಿಸ್ಪರ್ಧಿ ಗಿಲ್ಬರ್ಟ್ ಅವರ ಕೈ ಸೇರಿತು.

ಹಾರ್ನ್‌ಬಿ ರೈಲುಗಳು

ಮಹಾಯುದ್ಧಕ್ಕೆ ಮೊದಲು ಬ್ರಿಟನ್ನಿನ ಆಟಿಕೆ ರೈಲುಗಳ ಮಾರುಕಟ್ಟೆ ಬಹುಪಾಲು ಬಿಂಗ್, ಮಾರ್ಕ್ಲಿನ್ ಮುಂತಾದ ಜರ್ಮನ್ ಕಂಪನಿಗಳ ಕೈಯಲ್ಲಿತ್ತು. ಯುದ್ಧದ ಬಳಿಕ ಜರ್ಮನ್ ಸರಕಿನ ಬಗ್ಗೆ ಬ್ರಿಟನ್ನಿನಲ್ಲಿದ್ದ ಅಸಮಾಧಾನ ಹಾರ್ನ್‌ಬಿಯವರಿಗೆ ಅವಕಾಶ ಒದಗಿಸಿತು. 1920ರಲ್ಲಿ ಒ ಗೇಜಿನ, ಕೀಲಿ ಕೊಟ್ಟು ಓಡಿಸುವ ಮೊದಲ ಹಾರ್ನ್‌ಬಿ ರೈಲು ಹೊರಬಂದಿತು. ಅದರ ಎಂಜಿನ್ನನ್ನೂ ಬಂಡಿಗಳನ್ನೂ ಮೆಕ್ಯಾನೊ ಮಾದರಿಯಂತೆ ನಟ್ಟು ಬೋಲ್ಟುಗಳಿಂದಲೇ ಜೋಡಿಸಲಾಗಿತ್ತು. ಮಕ್ಕಳು ರೈಲನ್ನು ಬಿಚ್ಚಿ ಮತ್ತೆ ಕಟ್ಟಬಹುದಿತ್ತು, ಮುರಿದ ಭಾಗವನ್ನು ಬದಲಿಸಬಹುದಿತ್ತು. ಕೊಳ್ಳುವವರು ಬಯಸಿದ್ದು ಬಿಚ್ಚುವ ರೈಲನ್ನಲ್ಲ, ನಿಜವಾದ ರೈಲಿನಂತೆ ಕಾಣುವ ರೈಲನ್ನು ಎಂಬುದು ಕ್ರಮೇಣ ಸ್ಪಷ್ಟವಾಗಿ, ಈ ಪದ್ಧತಿಯನ್ನು ಕೈಬಿಡಲಾಯಿತು.

1925ರಲ್ಲಿ ಬಂದ ಮೊದಲ ವಿದ್ಯುತ್ ರೈಲು ಲಂಡನ್ನಿನ ಮೆಟ್ರೊಪಾಲಿಟನ್ ರೈಲ್ವೆಯ ಎಂಜಿನ್ನಿನ ಮಾದರಿ. ಅದು ಮನೆಯ ವಿದ್ಯುತ್ತನ್ನೇ ಬಲ್ಬಿನ ಮೂಲಕ ತಗ್ಗಿಸಿ ಹಳಿಗೆ ಹರಿಸುತ್ತಿದ್ದುದರಿಂದ ಮಕ್ಕಳ ಕೈಗೆ ಸುರಕ್ಷಿತವಾಗಿರಲಿಲ್ಲ. ಮುಂದಿನ ಎಂಜಿನ್ನುಗಳು ಕಡಿಮೆ ವೋಲ್ಟೇಜಿಗೆ ಬದಲಾದವು. ನಿಲ್ದಾಣ, ಸಿಗ್ನಲ್, ಸುರಂಗ, ಸರಕು ಬಂಡಿಗಳು ಸೇರುತ್ತ ಹೋಗಿ, ಹಾರ್ನ್‌ಬಿ ಎಂಬ ಮನೆತನದ ಹೆಸರು ಬ್ರಿಟನ್ನಿನಲ್ಲಿ ಆಟಿಕೆ ರೈಲಿಗೆ ಪರ್ಯಾಯ ಪದವಾಯಿತು.

ಡಿಂಕಿ ಟಾಯ್ಸ್ ಮತ್ತು ಇತರ ಆಟಿಕೆಗಳು

1931ರಲ್ಲಿ ವಿಮಾನಗಳನ್ನು, 1932ರಲ್ಲಿ ಮೋಟಾರು ಕಾರುಗಳನ್ನು ಕಟ್ಟುವ ವಿಶೇಷ ಸೆಟ್ಟುಗಳು ಬಂದವು. ಸಾಮಾನ್ಯ ಮೆಕ್ಯಾನೊ ಭಾಗಗಳಿಗಿಂತ ಭಿನ್ನವಾಗಿ ಇವುಗಳಲ್ಲಿ ಅಚ್ಚಿಗೆ ಒತ್ತಿದ, ಬಣ್ಣ ಬಳಿದ ಮೈಭಾಗಗಳಿದ್ದವು. ರೆಕ್ಕೆಗಳನ್ನು, ಬಾಲವನ್ನು, ಕಾರಿನ ಹಿಂಭಾಗವನ್ನು, ಮಡ್‌ಗಾರ್ಡುಗಳನ್ನು ಅದಲುಬದಲು ಮಾಡಿ ಒಂದೇ ಪೆಟ್ಟಿಗೆಯಿಂದ ಪ್ರವಾಸದ ಕಾರನ್ನೂ ಪಂದ್ಯದ ಕಾರನ್ನೂ ರೂಪಿಸಬಹುದಿತ್ತು. ನೈಜ ರೂಪ ಮತ್ತು ಬದಲಾಯಿಸುವ ಸ್ವಾತಂತ್ರ್ಯ ಎರಡೂ ಒಟ್ಟಿಗೆ ಬೇಕೆಂಬ ಬೇಡಿಕೆಗೆ ಹಾರ್ನ್‌ಬಿಯವರ ಕಂಪನಿ ಕೊಟ್ಟ ಅತ್ಯುತ್ತಮ ಉತ್ತರ ಇದೇ ಎನ್ನಬಹುದು. ಈ ಸೆಟ್ಟುಗಳು ಇಂದು ಸಂಗ್ರಾಹಕರು ಹುಡುಕಿ ಕೊಳ್ಳುವ ವಸ್ತುಗಳು.

1933ರ ಕೊನೆಯಲ್ಲಿ ಆಟಿಕೆ ರೈಲಿನ ಪಕ್ಕದಲ್ಲಿಡಲು ಕೆಲವು ಪುಟ್ಟ ಅಚ್ಚುಲೋಹದ ವಾಹನಗಳನ್ನು ಕಂಪನಿ ಮಾರತೊಡಗಿತು. 1934ರಲ್ಲಿ ಅವಕ್ಕೆ ಡಿಂಕಿ ಟಾಯ್ಸ್ ಎಂಬ ಹೆಸರು ಬಂದಿತು. ಇಲ್ಲಿ ಕಟ್ಟುವುದಕ್ಕೆ ಏನೂ ಇರಲಿಲ್ಲ, ಕೊಂಡು ಆಡುವುದು ಅಥವಾ ಸಾಲಾಗಿ ಜೋಡಿಸಿಡುವುದು ಅಷ್ಟೇ. ಅಗ್ಗವಾಗಿದ್ದು ಕೈಯಲ್ಲಿ ಹಿಡಿಯುವಂತಿದ್ದ ಈ ವಾಹನಗಳು ಮೆಕ್ಯಾನೊದಷ್ಟೇ ಜನಪ್ರಿಯವಾದವು. ಯುದ್ಧಪೂರ್ವದ ಡಿಂಕಿಗಳಲ್ಲಿ ಬಳಸಿದ ಸತುವಿನ ಮಿಶ್ರಲೋಹದಲ್ಲಿ ಸೀಸದಂತಹ ಕಲ್ಮಷ ಬೆರೆತಿದ್ದುದರಿಂದ ಹಲವು ವಾಹನಗಳು ವರ್ಷಗಳು ಕಳೆದಂತೆ ಉಬ್ಬಿ, ಬಿರುಕುಬಿಟ್ಟು ಪುಡಿಯಾಗಿವೆ. ಸುಸ್ಥಿತಿಯಲ್ಲಿ ಉಳಿದವುಗಳ ಬೆಲೆ ಏರಿರುವುದಕ್ಕೆ ಇದೂ ಒಂದು ಕಾರಣ.

ರಾಜಕೀಯ ಮತ್ತು ಕೊನೆಯ ವರ್ಷಗಳು

1930ರ ದಶಕದ ವೇಳೆಗೆ ಹಾರ್ನ್‌ಬಿಯವರು ಕೋಟ್ಯಧೀಶರಾಗಿದ್ದರು. ಲಿವರ್‌ಪೂಲಿಗೆ ಸಮೀಪದ ಮಾಗಲ್ ಎಂಬಲ್ಲಿ ವಾಸವಾಗಿದ್ದರು. 1931ರ ಮಹಾಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷದ ಅಭ್ಯರ್ಥಿಯಾಗಿ ಲಿವರ್‌ಪೂಲಿನ ಎವರ್ಟನ್ ಕ್ಷೇತ್ರದಿಂದ ಸಂಸತ್ತಿಗೆ ಆಯ್ಕೆಯಾದರು. ಕಂಪನಿಯ ದೈನಂದಿನ ಆಡಳಿತವನ್ನು ಸಹನಿರ್ದೇಶಕರಿಗೂ ಸಿಬ್ಬಂದಿಗೂ ಬಿಟ್ಟುಕೊಟ್ಟರು. ಆದರೆ ರಾಜಕೀಯದ ಓಡಾಟ ಅವರ ಆರೋಗ್ಯಕ್ಕೆ ಹೊರೆಯಾಯಿತು. 1935ರ ಚುನಾವಣೆಗೆ ಅವರು ಮತ್ತೆ ನಿಲ್ಲಲಿಲ್ಲ.

ದೀರ್ಘಕಾಲದ ಹೃದ್ರೋಗ ಮತ್ತು ಮಧುಮೇಹದಿಂದ ಬಳಲುತ್ತಿದ್ದ ಹಾರ್ನ್‌ಬಿಯವರು 1936ರ ಸೆಪ್ಟೆಂಬರ್ 21ರಂದು ತಮ್ಮ 73ನೆಯ ವಯಸ್ಸಿನಲ್ಲಿ ನಿಧನರಾದರು. ಮಾಗಲ್‌ನ ಸೇಂಟ್ ಆಂಡ್ರ್ಯೂ ಚರ್ಚಿನ ಆವರಣದಲ್ಲಿ ಅವರನ್ನು ಸಮಾಧಿ ಮಾಡಲಾಯಿತು. ಮಗ ರೋಲಂಡ್ ಕಂಪನಿಯ ಅಧ್ಯಕ್ಷರಾದರು. ಎರಡು ವರ್ಷಗಳ ಬಳಿಕ, 1938ರಲ್ಲಿ, ಮೊದಲಿನ ರೈಲುಗಳಿಗಿಂತ ಬಹಳ ಚಿಕ್ಕದಾದ ಹಾರ್ನ್‌ಬಿ ಡಬ್ಲೊ ರೈಲುಗಳು ಮಾರುಕಟ್ಟೆಗೆ ಬಂದವು.

ನಂತರದ ಬೆಳವಣಿಗೆಗಳು

ಎರಡನೆಯ ಮಹಾಯುದ್ಧದ ಬಳಿಕ ಪ್ಲಾಸ್ಟಿಕ್ ಆಟಿಕೆಗಳ, ಮುಖ್ಯವಾಗಿ ಲೆಗೊ ಇಟ್ಟಿಗೆಗಳ ಎದುರು ಮೆಕ್ಯಾನೊ ಹಿಂದೆ ಬಿದ್ದಿತು. 1964ರಲ್ಲಿ ಲೈನ್ಸ್ ಬ್ರದರ್ಸ್ ಸಂಸ್ಥೆ ಕಂಪನಿಯನ್ನು ಕೊಂಡಿತು. ಆ ಸಂಸ್ಥೆಯೂ 1971ರಲ್ಲಿ ಕುಸಿದು, ಮೆಕ್ಯಾನೊ ಏರ್‌ಫಿಕ್ಸ್ ಕೈಗೆ ಹೋಯಿತು. ಡಿಂಕಿಯ ಹಳೆಯ ಅಚ್ಚುಗಳಲ್ಲಿ ಕೆಲವು ಭಾರತಕ್ಕೆ ಬಂದು, ಕಲ್ಕತ್ತೆಯಲ್ಲಿ ನಿಕ್ಕಿ ಟಾಯ್ಸ್ ಎಂಬ ಹೆಸರಿನ ವಾಹನಗಳು ತಯಾರಾದವು. 1979ರ ನವೆಂಬರ್‌ನಲ್ಲಿ ಬಿನ್ಸ್ ರಸ್ತೆಯ ಕಾರ್ಖಾನೆ ಮುಚ್ಚಿತು. ರೈಲುಗಳ ವ್ಯವಹಾರ ಅದಕ್ಕೂ ಮೊದಲೇ ಬೇರ್ಪಟ್ಟಿದ್ದು, ಹಾರ್ನ್‌ಬಿ ಹೆಸರಿನಲ್ಲೇ ಮುಂದುವರಿದಿದೆ. ಫ್ರಾನ್ಸಿನಲ್ಲಿ ಮೆಕ್ಯಾನೊ ತಯಾರಿಕೆ ಬಹುಕಾಲ ನಡೆಯಿತು. 2013ರಲ್ಲಿ ಕೆನಡಾದ ಸ್ಪಿನ್ ಮಾಸ್ಟರ್ ಕಂಪನಿ ಈ ಹೆಸರನ್ನು ಕೊಂಡಿತು. 2015ರಲ್ಲಿ ಅದು ಪ್ರದರ್ಶಿಸಿದ ಮೆಕ್ಯಾನಾಯ್ಡ್, ತೂತಿನ ಪಟ್ಟಿಗಳನ್ನು ಬೋಲ್ಟಿನಿಂದ ಜೋಡಿಸಿ ಕಟ್ಟುವ, ಮಾತಿಗೆ ಸ್ಪಂದಿಸುವ ರೋಬೋಟ್.

ಕೈ, ಕಾಲು, ತಲೆಗಳನ್ನು ಕಳಚಿ ಬದಲಿಸಬಹುದಾದ ರೋಬೋಟ್ ಗೊಂಬೆಗಳು ಆಟಿಕೆಗಳ ಲೋಕದಲ್ಲಿ ನೆಲೆಯಾದದ್ದು ಹಾರ್ನ್‌ಬಿಯವರ ಕಾಲದ ಎಷ್ಟೋ ವರ್ಷಗಳ ನಂತರ. ಜಪಾನಿನ ಟಕಾರಾ ಕಂಪನಿಯ ಮೈಕ್ರೊಮ್ಯಾನ್ (1974) ಗೊಂಬೆಗಳಲ್ಲಿ ಭಾಗಗಳನ್ನು ಕೂಡಿಸುವ ಗೂಟದ ದಪ್ಪ 5 ಮಿಲಿಮೀಟರ್ ಎಂದು ನಿಗದಿಯಾಗಿತ್ತು. ಲೆಗೊದ ಬಯೋನಿಕಲ್ (2001) ಗೊಂಬೆಗಳಲ್ಲೂ ಕೀಲುಗಳ ಅಳತೆ ಏಕರೂಪದ್ದು. ಇವು ಮೆಕ್ಯಾನೊದ ನೇರ ಸಂತತಿಯಲ್ಲ, ಆದರೆ ಒಂದು ನಿಶ್ಚಿತ ಅಳತೆಯನ್ನು ಹಿಡಿದು ಅದರ ಸುತ್ತ ಇಡೀ ಆಟಿಕೆಯ ಲೋಕವನ್ನು ಬೆಳೆಸುವ ವಿಧಾನದಲ್ಲಿ ಅರ್ಧ ಅಂಗುಲದ ತೂತಿನ ತರ್ಕವೇ ಕಾಣುತ್ತದೆ.

ಆಟಿಕೆಯ ಗಡಿ ದಾಟಿದ ಬಳಕೆಗಳೂ ಉಂಟು. 1934ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಡಗ್ಲಾಸ್ ಹಾರ್ಟ್ರೀ ಮತ್ತು ಅವರ ವಿದ್ಯಾರ್ಥಿ ಆರ್ಥರ್ ಪೋರ್ಟರ್, ಅಮೆರಿಕದ ವ್ಯಾನೆವರ್ ಬುಷ್ ನಿರ್ಮಿಸಿದ್ದ ಡಿಫರೆನ್ಷಿಯಲ್ ಅನಲೈಸರ್ ಎಂಬ ಗಣನಯಂತ್ರದ ಮಾದರಿಯನ್ನು ಬಹುಪಾಲು ಮೆಕ್ಯಾನೊ ಭಾಗಗಳಿಂದಲೇ ಕಟ್ಟಿದರು. ಅದು ಪ್ರದರ್ಶನದ ಬೊಂಬೆಯಾಗಿರದೆ ಭೌತಶಾಸ್ತ್ರದ ಅವಕಲ ಸಮೀಕರಣಗಳನ್ನು ಬಿಡಿಸಿ ಉಪಯುಕ್ತ ಫಲಿತಾಂಶ ನೀಡಿತು. ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಹ್ಯಾರಿ ಕ್ರೋಟೊ, ಬಾಲ್ಯದಲ್ಲಿ ಮೆಕ್ಯಾನೊ ಜೋಡಿಸಿದ್ದು ತಮ್ಮ ಕೈಗೆ ಪಳಗುವಿಕೆಯನ್ನು ಕಲಿಸಿತೆಂದು ಸ್ಮರಿಸಿದ್ದಾರೆ.

ಮಾಗಲ್‌ನಲ್ಲಿ ಹಾರ್ನ್‌ಬಿಯವರು ವಾಸವಾಗಿದ್ದ ದಿ ಹಾಲೀಸ್ ಎಂಬ ಮನೆಯ ಮೇಲೆ ನೀಲಿ ಸ್ಮರಣಫಲಕವಿದೆ. 2009ರಲ್ಲಿ ದೂರದರ್ಶನ ಕಾರ್ಯಕ್ರಮವೊಂದಕ್ಕಾಗಿ ಲಿವರ್‌ಪೂಲಿನ ಕಾಲುವೆಯೊಂದರ ಮೇಲೆ ಮೆಕ್ಯಾನೊ ಭಾಗಗಳಿಂದ ಸೇತುವೆಯನ್ನು ಕಟ್ಟಲಾಯಿತು; ನಿರೂಪಕ ಜೇಮ್ಸ್ ಮೇ ಅದರ ಮೇಲೆ ನಡೆದು ಕಾಲುವೆಯನ್ನು ದಾಟಿದರು. ಕೇಂಬ್ರಿಡ್ಜ್‌ನಲ್ಲಿ 1935ರಲ್ಲಿ ನಿರ್ಮಾಣವಾದ ಮತ್ತೊಂದು ಮೆಕ್ಯಾನೊ ಗಣನಯಂತ್ರ ಈಗ ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಸಾರಿಗೆ ಮತ್ತು ತಂತ್ರಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ.